ಕಾರ್ಖಾನೆಯ ಶಿಬಿರದಲ್ಲಿ ಡಿಎನ್‌ಎ ಪರೀಕ್ಷೆಗೆ ಜೊಲ್ಲು ಕೊಡಬೇಕೇ? ಅಕ್ಕನ ವರದಿ ಬಂದ ಮೇಲೆ ದಿಕ್ಕು ತೋಚುತ್ತಿಲ್ಲ

ಇಂದ್ರಾಯಣಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪುಣೆಯ ಹತ್ತಿರ ಚಾಕಣದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಊರು ಗೋಕಾಕ, ಮನೆ ಈಗ ನಿಗಡಿಯಲ್ಲಿ. ವಯಸ್ಸು 38. ಬರುವ ಗುರುವಾರದೊಳಗೆ ಒಂದು ತೀರ್ಮಾನಕ್ಕೆ ಬರಬೇಕಾಗಿದೆ. ಮನೆಯಲ್ಲಿ ಈ ಮಾತು ತೆಗೆದರೆ ಅಳು ಬರುತ್ತದೆ, ಕಚೇರಿಯಲ್ಲಿ ತೆಗೆಯುವಂತಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಕ್ಕ ಹುಬ್ಬಳ್ಳಿಯಲ್ಲಿದ್ದಾಳೆ. ಕಳೆದ ದೀಪಾವಳಿಯ ಹೊತ್ತಿಗೆ ಅವಳಿಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಯಿತು. ನಮ್ಮ ಅವ್ವ ತೀರಿಕೊಂಡದ್ದು ಅಂಡಾಶಯದ ಕ್ಯಾನ್ಸರ್‌ನಿಂದ, 47ನೇ ವಯಸ್ಸಿನಲ್ಲಿ. ಆಗ ಮನೆಯಲ್ಲಿ ಅದನ್ನು ‘ಹೊಟ್ಟೆಯ ಗಡ್ಡೆ’ ಎಂದಷ್ಟೇ ಹೇಳುತ್ತಿದ್ದರು. ಅವ್ವನ ಹಳೆಯ ಕಾಗದಗಳನ್ನು ನೋಡಿದ ಅಕ್ಕನ ವೈದ್ಯರು ಇವಳ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ಬಿಆರ್‌ಸಿಎ1 ಎಂಬ ಜೀನ್‌ನಲ್ಲಿ ದೋಷವಿದೆ ಎಂದು ವರದಿ ಬಂತು. ಒಡಹುಟ್ಟಿದವರಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ತಂಗಿಗೆ ತಿಳಿಸಿ ಎಂದರಂತೆ. ಅಕ್ಕ ಫೋನ್ ಮಾಡಿ ಮೊದಲು ನನ್ನ ಕ್ಷಮೆ ಕೇಳಿದಳು. ತಾನೇ ಏನೋ ತಪ್ಪು ಮಾಡಿದವಳ ಹಾಗೆ. ಆ ದನಿ ಇನ್ನೂ ಕಿವಿಯಲ್ಲಿದೆ.

ಇದಾಗಿ ಮೂರು ವಾರಕ್ಕೆ ನಮ್ಮ ಕಾರ್ಖಾನೆಯಲ್ಲಿ ವಾರ್ಷಿಕ ಆರೋಗ್ಯ ಶಿಬಿರ ಬಂತು. ಪ್ರತಿ ವರ್ಷ ರಕ್ತದೊತ್ತಡ, ಸಕ್ಕರೆ, ಕಣ್ಣು, ಕಿವಿ ನೋಡುತ್ತಿದ್ದರು. ಈ ಸಲ ‘ಉಚಿತ ಡಿಎನ್‌ಎ ತಪಾಸಣೆ’ ಸೇರಿದೆ. ಹೃದಯ, ಮಧುಮೇಹ, ಕ್ಯಾನ್ಸರ್, ಎಲ್ಲದರ ಅಪಾಯವನ್ನೂ ಮೊದಲೇ ತಿಳಿಸುತ್ತಾರಂತೆ. ನೀಲಿ ಮುಚ್ಚಳದ ಒಂದು ಚಿಕ್ಕ ನಳಿಗೆಯನ್ನು ನನ್ನ ಕೈಗೂ ಕೊಟ್ಟಿದ್ದಾರೆ. ಅರ್ಧ ಗಂಟೆ ಚಹ ಕುಡಿಯದೆ ಇದ್ದು, ಅದರ ಮೇಲಿನ ಕಪ್ಪು ಗೆರೆ ಮುಟ್ಟುವವರೆಗೆ ಉಗುಳಬೇಕು. ನಳಿಗೆಯ ಮೇಲೆ ಹೆಸರಿಲ್ಲ, ಗುಟ್ಟಾಗಿಯೇ ಇರುತ್ತದೆ ಎಂದು ಎಚ್‌ಆರ್ ವಿಭಾಗದವರು ಹೇಳಿದರು. ಹೆಸರಿಲ್ಲ ನಿಜ, ಆದರೆ ಅಂಟಿಸಿದ ಚೀಟಿಯಲ್ಲಿ ನನ್ನ ಸಿಬ್ಬಂದಿ ಸಂಖ್ಯೆ ಇದೆ. ಹನ್ನೊಂದು ವರ್ಷದಿಂದ ಗೇಟಿನಲ್ಲಿ ಅದೇ ಸಂಖ್ಯೆಯ ಕಾರ್ಡ್ ತೋರಿಸಿ ಒಳಗೆ ಹೋಗುತ್ತಿದ್ದೇನೆ. ಒಪ್ಪಿಗೆ ಪತ್ರ ಇಂಗ್ಲಿಷ್ ಮತ್ತು ಮರಾಠಿಯಲ್ಲಿದೆ. ಎರಡನೆಯ ಪುಟದ ಸಣ್ಣ ಅಕ್ಷರಗಳಲ್ಲಿ ‘ವರದಿಯ ಸಾರಾಂಶವನ್ನು ಸಂಸ್ಥೆಯೊಂದಿಗೆ ಮತ್ತು ಸಹಭಾಗಿಗಳೊಂದಿಗೆ ಹಂಚಿಕೊಳ್ಳಬಹುದು’ ಎಂದು ಬರೆದಿದೆ. ಸಹಭಾಗಿಗಳು ಯಾರು ಎಂದು ಎಲ್ಲಿಯೂ ಇಲ್ಲ.

ಏಪ್ರಿಲ್‌ನಲ್ಲಿ ನಮ್ಮ ಗುಂಪು ವಿಮೆ ನವೀಕರಣವಾಗಬೇಕು. ಅದೇ ತಿಂಗಳು ನನ್ನ ಬಡ್ತಿಯ ಮಾತೂ ಇದೆ. ನಾನು ಕೊಡದಿದ್ದರೆ ಹಟಮಾರಿ ಎನ್ನಿಸಿಕೊಳ್ಳುತ್ತೇನೆಯೇ? ಕೊಟ್ಟರೆ, ಮುಂದೆ ಕಾಯಿಲೆ ಬೀಳಬಹುದಾದವಳು ಎಂಬ ಗುರುತು ನನ್ನ ಕಡತದಲ್ಲಿ ಕೂರುತ್ತದೆಯೇ? ವೈದ್ಯರು ಹೇಳಿದ ನಿಜವಾದ ಪರೀಕ್ಷೆಯನ್ನೂ ಮಾಡಿಸಬೇಕು. ಅದಕ್ಕೆ ಮೊದಲು ಸ್ವಂತ ಆರೋಗ್ಯ ವಿಮೆ ತೆಗೆದುಕೊಂಡರೆ ಅದು ಮೋಸವಾಗುತ್ತದೆಯೇ? ನನಗೆ ಹದಿಮೂರು ವರ್ಷದ ಮಗಳಿದ್ದಾಳೆ. ದಯವಿಟ್ಟು ತಿಳಿದವರು ಹೇಳಿ.

ಡೊಂಬಿವಲಿಯ ವಿಮೆಯವ

ತಂಗೀ, ಇಪ್ಪತ್ತೆರಡು ವರ್ಷದಿಂದ ವಿಮೆಯ ಕೆಲಸದಲ್ಲಿದ್ದೇನೆ. ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಕೇಳಿದ ನಿನ್ನ ಮನಸ್ಸು ನನಗೆ ತುಂಬ ಹಿಡಿಸಿತು.

ಮೋಸವಲ್ಲ. ಪರೀಕ್ಷೆ ಮಾಡಿಸಿಲ್ಲ ಎಂದ ಮೇಲೆ ನಿನಗೆ ಆ ದೋಷ ಇದೆಯೋ ಇಲ್ಲವೋ ಯಾರಿಗೂ ತಿಳಿಯದು. ತಿಳಿಯದ್ದನ್ನು ಬಚ್ಚಿಟ್ಟೆ ಎಂದು ಯಾರೂ ಹೇಳಲಾರರು. ಆದರೆ ಪ್ರಸ್ತಾವನೆಯ ಫಾರಂನಲ್ಲಿ ತಂದೆತಾಯಿ, ಒಡಹುಟ್ಟಿದವರ ಕಾಯಿಲೆ ಕೇಳುವ ಅಂಕಣವಿದ್ದರೆ, ಅವ್ವನದನ್ನೂ ಅಕ್ಕನದನ್ನೂ ಬರೆಯಲೇಬೇಕು. ‘ಖಾಲಿ ಬಿಡಿ ಮೇಡಂ, ಯಾರು ನೋಡುತ್ತಾರೆ’ ಎನ್ನುವ ಏಜೆಂಟರು ಸಿಗುತ್ತಾರೆ. ಕ್ಲೇಮ್ ಬಂದ ದಿನ ಅಂಥವರು ಫೋನ್ ಎತ್ತುವುದಿಲ್ಲ. ನಮ್ಮ ಕೆಲಸದಲ್ಲಿ ಇಂಥವರನ್ನು ಕಂಡಷ್ಟು ಸಿಟ್ಟು ನನಗೆ ಬೇರೆ ಯಾರನ್ನು ಕಂಡರೂ ಬರುವುದಿಲ್ಲ.

ಈಗ ಕಾನೂನು. ಮೊದಲು ಎಷ್ಟೋ ಪಾಲಿಸಿಗಳಲ್ಲಿ ‘ಆನುವಂಶಿಕ ಕಾಯಿಲೆಗಳಿಗೆ ರಕ್ಷಣೆ ಇಲ್ಲ’ ಎಂಬ ಒಂದು ಸಾಲು ಇರುತ್ತಿತ್ತು. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಯ ಒಬ್ಬರ ಕ್ಲೇಮನ್ನು ಇದೇ ಸಾಲು ತೋರಿಸಿ ತಳ್ಳಿಹಾಕಿದ್ದರು. ಅವರು ಬಿಡಲಿಲ್ಲ. 2018ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು, ಹೀಗೆ ಸಾರಾಸಗಟಾಗಿ ಹೊರಗಿಡುವುದು ಸಂವಿಧಾನದ 14ನೇ ವಿಧಿ ಹೇಳುವ ಸಮಾನತೆಗೆ ವಿರುದ್ಧ ಎಂದು ತೀರ್ಪು ಕೊಟ್ಟರು. ಯೋಚಿಸಿದರೆ ನ್ಯಾಯವಾದದ್ದೇ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಯಾವುದರಲ್ಲಿ ವಂಶದ ಪಾಲಿಲ್ಲ? ಆ ಸಾಲನ್ನು ಹಿಡಿದು ಕೂತರೆ ಯಾವ ಕ್ಲೇಮನ್ನಾದರೂ ನಿರಾಕರಿಸಬಹುದು. ಮುಂದಿನ ತಿಂಗಳೇ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ, ಹೊಸ ಆರೋಗ್ಯ ಪಾಲಿಸಿಗಳಲ್ಲಿ ಈ ಸಾಲು ಹಾಕಬಾರದು, ಹಳೆಯವುಗಳಲ್ಲಿ ಇದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬಾರದು ಎಂದು ಸುತ್ತೋಲೆ ಹೊರಡಿಸಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನ ಒಂದು ಭಾಗಕ್ಕೆ ತಡೆ ಕೊಟ್ಟಿತು. ಆದರೂ 2019ರ ಸೆಪ್ಟೆಂಬರ್‌ನಲ್ಲಿ ಪ್ರಾಧಿಕಾರ ತಂದ ಮಾರ್ಗಸೂಚಿಯಲ್ಲಿ, ಹೊರಗಿಡಬಾರದ ಕಾಯಿಲೆಗಳ ಸಾಲಿನಲ್ಲಿ ಆನುವಂಶಿಕ ಕಾಯಿಲೆಗಳು ಸೇರಿದ್ದವು.

ಇದರಲ್ಲೊಂದು ಸೂಕ್ಷ್ಮವಿದೆ. ಪಾಲಿಸಿಯೊಳಗೆ ಬಂದವರನ್ನು ಈ ನಿಯಮ ಕಾಯುತ್ತದೆ. ಬಾಗಿಲಲ್ಲಿ ನಿಂತವರಿಗೆ ಅಷ್ಟು ಬಲವಿಲ್ಲ. ಕುಟುಂಬದ ಕಾಯಿಲೆ ನೋಡಿ ಪ್ರೀಮಿಯಂ ಏರಿಸುವ ಅವಕಾಶ ಕಂಪನಿಗೆ ಇನ್ನೂ ಉಂಟು. ಆರೋಗ್ಯವಾಗಿರುವಾಗಲೇ ಒಳಗೆ ಹೋಗು ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೆ. 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಸಿಗಲು ಕಾಯುವ ಅವಧಿ 36 ತಿಂಗಳು ಮೀರುವಂತಿಲ್ಲ. 60 ತಿಂಗಳು ಸತತವಾಗಿ ಪಾಲಿಸಿ ನಡೆಸಿದ ಮೇಲೆ, ವಂಚನೆಯನ್ನು ಸಾಬೀತುಮಾಡದ ಹೊರತು ಅದು ಹೇಳಲಿಲ್ಲ ಇದು ಹೇಳಲಿಲ್ಲ ಎಂದು ಕ್ಲೇಮ್ ನಿರಾಕರಿಸುವಂತಿಲ್ಲ. ‘ಮೊದಲೇ ಇದ್ದ ಕಾಯಿಲೆ’ ಎಂದರೆ ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ್ದು ಅಥವಾ ಚಿಕಿತ್ಸೆ ಪಡೆದದ್ದು. ಅಕ್ಕನಿಗೆ ಬಂದದ್ದು ನಿನ್ನ ಕಾಯಿಲೆಯಲ್ಲ. ಜೀವ ವಿಮೆಯ ಮಾತು ಬೇರೆ. ಆನುವಂಶಿಕತೆಯ ಈ ಮಾರ್ಗಸೂಚಿ ಆರೋಗ್ಯ ಪಾಲಿಸಿಗಳಿಗೆ ಮಾತ್ರ. ಜೀವ ವಿಮೆಯಲ್ಲಿ ಮೂರು ವರ್ಷ ತುಂಬಿದ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಎನ್ನುವ ವಿಮಾ ಕಾಯ್ದೆಯ 45ನೇ ಕಲಮು ಆಸರೆ.

ಕಚೇರಿಯ ಗುಂಪು ವಿಮೆಯನ್ನೇ ನಂಬಿ ಕೂರಬೇಡ. ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ. ನಾನು ಕಂಡ ಎಷ್ಟೋ ಕಡೆ ಯಾರು ಯಾವ ಕಾಯಿಲೆಗೆ ಕ್ಲೇಮ್ ಮಾಡಿದರು ಎಂಬ ಪಟ್ಟಿ ಎಚ್‌ಆರ್ ಮೇಜಿಗೂ ಬರುತ್ತದೆ.

ವಾಸ್ಕೋ ಬಂದರು

ಅಕ್ಕನವರೇ, ಗೋವೆಯಿಂದ ಬರೆಯುತ್ತಿದ್ದೇನೆ, ಚಿಕ್ಕದಾಗಿ ಹೇಳುತ್ತೇನೆ. ನನಗೆ ಥಲಸ್ಸೀಮಿಯಾ ಮೈನರ್ ಇದೆ. ಥಲಸ್ಸೀಮಿಯಾ ವಂಶದಲ್ಲಿ ಬರುವ ರಕ್ತದ ಕಾಯಿಲೆ, ‘ಮೈನರ್’ ಅಂದರೆ ನಾನು ವಾಹಕ ಅಷ್ಟೇ, ರೋಗಿಯಲ್ಲ. ಹಿಂದಿನ ಕೆಲಸದಲ್ಲಿ ಸೇರುವಾಗಿನ ವೈದ್ಯಕೀಯ ಫಾರಂನಲ್ಲಿ ಯಾರೋ ‘ಥಲಸ್ಸೀಮಿಯಾ’ ಎಂದು ಮಾತ್ರ ಬರೆದು ‘ಮೈನರ್’ ಎಂಬುದನ್ನು ಬಿಟ್ಟರು. ಮುಂದೆ ನಾಲ್ಕು ವರ್ಷ ನನ್ನನ್ನು ಹಡಗಿನ ಒಳಗಿನ ಕೆಲಸಕ್ಕೆ ಹಾಕಲಿಲ್ಲ. ಆ ಕೆಲಸಕ್ಕೆ ಹೆಚ್ಚು ಭತ್ಯೆ ಇತ್ತು. ಒಮ್ಮೆಯೂ ರಕ್ತ ಪಡೆಯದ ನನ್ನನ್ನು ‘ನಿನಗೆ ಸುಸ್ತಾಗುತ್ತದೆ’ ಎಂದು ಕೂರಿಸಿದರು. ತಿದ್ದಿಸಲು ಮೂರು ವೈದ್ಯರ ಪತ್ರ ಕೊಟ್ಟೆ. ಕಡತದಲ್ಲಿ ಒಮ್ಮೆ ಕೂತ ಪದ ಏಳಲಿಲ್ಲ. ದಯವಿಟ್ಟು ಆ ನಳಿಗೆಯನ್ನು ಹಾಗೆಯೇ ಹಿಂದಿರುಗಿಸಿ.

ವಾಶಿಯ ಪ್ರಯೋಗಾಲಯ

ಜೀನ್ ಪರೀಕ್ಷೆಯ ವರದಿಗಳನ್ನು ಕುಟುಂಬದವರಿಗೆ ಬಿಡಿಸಿ ಹೇಳುವುದು ನನ್ನ ದಿನನಿತ್ಯದ ಕೆಲಸ. ಸಹೋದರಿ, ವಿಮೆಯ ಬಗ್ಗೆ ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ‘ಮೊದಲು ವಿಮೆ, ಆಮೇಲೆ ಪರೀಕ್ಷೆ’ ಎಂಬ ಮಾತು ತಿಂಗಳಿಂದ ತಿಂಗಳಿಗೆ ಹೋಗಿ ವರ್ಷವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮಗೆ 38 ಎನ್ನುತ್ತೀರಿ. ಬಿಆರ್‌ಸಿಎ1 ದೋಷ ಇರುವವರಲ್ಲಿ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 60ಕ್ಕೂ ಹೆಚ್ಚು, ಅಂಡಾಶಯದ ಕ್ಯಾನ್ಸರ್ ಶೇ. 39ರಿಂದ 58. ಅಂಡಾಶಯದ್ದು ಬೇಗ ಸಿಕ್ಕಿಬೀಳುವ ಕಾಯಿಲೆಯಲ್ಲ. ಆದ್ದರಿಂದಲೇ ಈ ದೋಷ ಇರುವವರಿಗೆ, ಮಕ್ಕಳು ಸಾಕು ಎಂದಾದ ಮೇಲೆ, 35ರಿಂದ 40ರ ನಡುವೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸುವಂತೆ ವೈದ್ಯರು ಸಲಹೆ ಕೊಡುತ್ತಾರೆ. ನೀವು ಆ ವಯಸ್ಸಿನ ಒಳಗೇ ಇದ್ದೀರಿ. ವಿಮೆಗೆ ಬೇಕಾದ ಕೆಲವು ವಾರ ತೆಗೆದುಕೊಳ್ಳಿ, ವರ್ಷ ಬೇಡ. ಪರೀಕ್ಷೆ ಎಂದರೆ ಕೆಲಸ ಹೋಗುತ್ತದೆ, ವಿಮೆ ಹೋಗುತ್ತದೆ ಎಂದು ಹೆದರಿ ಜನ ಆಸ್ಪತ್ರೆಯ ಬಾಗಿಲಿಗೇ ಬರದಿರುವುದು ನನಗೆ ಎಲ್ಲಕ್ಕಿಂತ ನೋವು ಕೊಡುವ ಸಂಗತಿ.

ಶಿಬಿರದ ನಳಿಗೆ ನಿಮಗೆ ಬೇಡವೇ ಬೇಡ. ಗುಟ್ಟಿನ ವಿಷಯ ಬದಿಗಿಟ್ಟರೂ ಬೇಡ. ಬಿಆರ್‌ಸಿಎ ಜೀನ್‌ಗಳಲ್ಲಿ ಅಪಾಯ ತರುವ ದೋಷಗಳು ಸಾವಿರಕ್ಕೂ ಹೆಚ್ಚು ಬಗೆಯವು ಇವೆ. ಅಮೆರಿಕದಲ್ಲಿ 23ಆಂಡ್‌ಮಿ ಎಂಬ ಕಂಪನಿಗೆ 2018ರಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಜೊಲ್ಲಿನ ಪರೀಕ್ಷೆಗೆ ಅನುಮತಿ ಸಿಕ್ಕಾಗ, ಅದು ನೋಡುತ್ತಿದ್ದದ್ದು ಅವುಗಳಲ್ಲಿ ಮೂರನ್ನು ಮಾತ್ರ, ಅದೂ ಅಶ್ಕೆನಾಝಿ ಯೆಹೂದಿ (ಮಧ್ಯ ಮತ್ತು ಪೂರ್ವ ಯುರೋಪಿನ ಯೆಹೂದಿ) ಮೂಲದವರಲ್ಲಿ ಹೆಚ್ಚಾಗಿ ಕಾಣುವ ಮೂರು. ಗೋಕಾಕದ ಮನೆತನಕ್ಕೆ ಅದರಿಂದ ಏನು ತಿಳಿಯುತ್ತದೆ? ಇಂಥ ಪರೀಕ್ಷೆಯಲ್ಲಿ ‘ಅಪಾಯ ಕಡಿಮೆ’ ಎಂದು ಬಂದರೆ ನೀವು ನೆಮ್ಮದಿಯಿಂದ ಕೂತುಬಿಡುತ್ತೀರಿ. ಅದು ಸುಳ್ಳು ನೆಮ್ಮದಿ.

ನಿಮ್ಮ ಅಕ್ಕನ ವರದಿಯಲ್ಲಿ ‘ಸಿ’ ಅಕ್ಷರ, ಒಂದು ಚುಕ್ಕೆ, ಆಮೇಲೆ ಅಂಕೆಗಳು ಇರುವ ಒಂದು ಸಾಲು ಇರುತ್ತದೆ. ಜೀನ್‌ನಲ್ಲಿ ಯಾವ ಜಾಗ ಕೆಟ್ಟಿದೆ ಎಂಬುದರ ವಿಳಾಸ ಅದು. ಆ ಪುಟ ಕೈಯಲ್ಲಿದ್ದರೆ ನಿಮ್ಮ ರಕ್ತದಲ್ಲಿ ಆ ಒಂದು ಜಾಗ ನೋಡಿದರೆ ಸಾಕು, ಖರ್ಚೂ ಕಡಿಮೆ. ಅಲ್ಲಿ ದೋಷವಿಲ್ಲ ಎಂದು ಬಂದರೆ ಅದನ್ನು ನಂಬಬಹುದು. ಪರೀಕ್ಷೆಗೆ ಮೊದಲು ಒಮ್ಮೆ, ವರದಿ ಬಂದ ಮೇಲೆ ಒಮ್ಮೆ ಆಪ್ತಸಲಹೆ ಕೊಡುವ ಕೇಂದ್ರಕ್ಕೇ ಹೋಗಿ. ಮಗಳಿಗೆ ಈಗ ಪರೀಕ್ಷೆ ಬೇಡ. ಹದಿನೆಂಟು ತುಂಬಿದ ಮೇಲೆ ಅವಳೇ ತೀರ್ಮಾನಿಸಲಿ.

ಇನ್ನೊಂದು ಮಾತು. ನಾನು ಮೇಲೆ ಹೇಳಿದ ಅದೇ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಕೈಸೇರಿತು. 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಜನ ನಂಬಿ ಕೊಟ್ಟ ವಂಶದ ಮಾಹಿತಿ ಆಸ್ತಿಯ ಜೊತೆ ಮಾರಾಟಕ್ಕೆ ಬಂತು. ಕಳುವಾದ ಪಾಸ್‌ವರ್ಡ್ ಬದಲಿಸಬಹುದು, ಡಿಎನ್‌ಎ ಬದಲಿಸಲಾಗದು.

ಇಂದ್ರಾಯಣಿ ದಂಡೆ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಇವನ್ನೆಲ್ಲ ಎರಡು ಸಲ ಓದಿದೆ. ಇಷ್ಟು ದಿನ ನಾನು ‘ನನ್ನ ಜೊಲ್ಲು, ನನ್ನ ಇಷ್ಟ’ ಎಂದು ಯೋಚಿಸುತ್ತಿದ್ದೆ. ಓದುತ್ತಾ ಹೋದಂತೆ, ಆ ನಳಿಗೆಯಲ್ಲಿ ನಾನೊಬ್ಬಳೇ ಇಲ್ಲ ಎನ್ನಿಸಿತು. ಅಕ್ಕ ಇದ್ದಾಳೆ, ಅವ್ವ ಇದ್ದಾಳೆ, ಕೇಳದೆಯೇ ನನ್ನ ಮಗಳೂ ಇದ್ದಾಳೆ. ಅಕ್ಕನ ಮಗ ಈಗ ಕೆಲಸ ಹುಡುಕುತ್ತಿದ್ದಾನೆ, ಅವನೂ ಇದ್ದಾನೆ. ಅವರ ಪರವಾಗಿ ಸಹಿ ಹಾಕಲು ನಾನು ಯಾರು?

ಆದರೆ ಬೇಡ ಎಂದು ಹೇಗೆ ಹೇಳುವುದು? ಮೇಲ್ವಿಚಾರಕರು ನಿನ್ನೆಯೂ ‘ನಿಮ್ಮ ವಿಭಾಗದಲ್ಲಿ ಇನ್ನೂ ಒಂಬತ್ತು ಬಾಕಿ’ ಎಂದು ಫಲಕದಲ್ಲಿ ಬರೆದಿದ್ದಾರೆ.

ಸಾಂತಾಕ್ರೂಜ್ ನಿವೃತ್ತ

ತಾಯೀ, ಮುಂಬೈಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವನು ನಾನು. ಅದರಲ್ಲಿ ಹದಿನೆಂಟು ವರ್ಷ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಜೀನ್ ನೋಡಿ ನೌಕರನನ್ನು ಬೇರೆಯಾಗಿ ಕಾಣಬಾರದು ಎಂದು ಹೇಳುವ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಅಮೆರಿಕದಲ್ಲಿ 2008ರಲ್ಲಿ ಬಂತು. ಅದಕ್ಕೂ ಮುಂಚೆ ಅಲ್ಲಿಯ ಬರ್ಲಿಂಗ್‌ಟನ್ ನಾರ್ದರ್ನ್ ಎಂಬ ರೈಲು ಕಂಪನಿ, ಮಣಿಕಟ್ಟು ನೋವಿನ ಪರಿಹಾರ ಕೇಳಿದ ಕಾರ್ಮಿಕರ ರಕ್ತವನ್ನು ಅವರಿಗೆ ತಿಳಿಸದೆ ಜೀನ್ ಪರೀಕ್ಷೆಗೆ ಕಳಿಸುತ್ತಿತ್ತು. ನೋವು ಹಳಿಯ ಕೆಲಸದಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು ಎಂದು ತೋರಿಸುವ ದಾರಿ ಅದು. ಇಷ್ಟೊಂದು ರಕ್ತ ಯಾಕೆ ಬೇಕು ಎಂದು ಒಬ್ಬ ಕಾರ್ಮಿಕನ ಹೆಂಡತಿಗೆ ಸಂಶಯ ಬಂತು, ಆಕೆ ನರ್ಸ್ ಆಗಿದ್ದಳು. 2001ರಲ್ಲಿ ಮೊಕದ್ದಮೆಯಾಯಿತು, ಮರುವರ್ಷ ಕಂಪನಿ 22 ಲಕ್ಷ ಡಾಲರ್ ಕೊಟ್ಟು ರಾಜಿಗೆ ಬಂತು. ಈ ಕತೆಯನ್ನು ನಾನು ಮರೆಯುವುದಿಲ್ಲ, ಏಕೆಂದರೆ ನಮ್ಮಲ್ಲಿಯೂ ಯಂತ್ರದ ಸದ್ದಿಗೆ ಕಿವಿ ಹೋದ ಪ್ರೆಸ್ ವಿಭಾಗದವರಿಗೆ ‘ನಿಮ್ಮ ಅಪ್ಪನಿಗೂ ಕಿವಿ ಕೇಳಿಸುತ್ತಿರಲಿಲ್ಲವಲ್ಲ’ ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಹಾಗೆಂದು ನಾವು ಪೂರ್ತಿ ಬರಿಗೈಯಲ್ಲಿಲ್ಲ. 1997ರಲ್ಲಿ ಬಾಂಬೆ ಹೈಕೋರ್ಟ್ ಒಂದು ಒಳ್ಳೆಯ ತೀರ್ಪು ಕೊಟ್ಟಿತು. ಸರ್ಕಾರಿ ಸಂಸ್ಥೆಯೊಂದು ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಒಬ್ಬ ದಿನಗೂಲಿಯವನನ್ನು ಕೈಬಿಟ್ಟಿತ್ತು. ಕೆಲಸ ಮಾಡುವ ಶಕ್ತಿಯಿದ್ದು, ಬೇರೆಯವರಿಗೆ ಅಪಾಯವಿಲ್ಲದಿರುವಾಗ, ಸೋಂಕು ಇದೆ ಎಂದು ಕೆಲಸ ನಿರಾಕರಿಸುವಂತಿಲ್ಲ ಎಂದಿತು ಕೋರ್ಟು. ಇಪ್ಪತ್ತು ವರ್ಷದ ಮೇಲೆ, 2017ರಲ್ಲಿ, ಎಚ್‌ಐವಿ ಕಾಯ್ದೆ ಬಂದು ಕೆಲಸದಲ್ಲೂ ವಿಮೆಯಲ್ಲೂ ಅಂಥ ಭೇದವನ್ನು ನಿಷೇಧಿಸಿತು. ಅದೇ ವರ್ಷ ಆಗಸ್ಟ್ 24ರಂದು, ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ದಾವೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಎಚ್‌ಐವಿಗೆ ಆದದ್ದು ಜೀನ್‌ಗೂ ಆಗಬೇಕು. ಕಾಯಿಲೆ ಇನ್ನೂ ಬಾರದವಳನ್ನು ಕಾಯಿಲೆಯವಳೆಂದು ಎಣಿಸುವುದು ಅದಕ್ಕಿಂತಲೂ ದೊಡ್ಡ ಅನ್ಯಾಯ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಬಗ್ಗೆ ಯಾರಾದರೂ ಭರವಸೆ ಕೊಟ್ಟರೆ ಎಚ್ಚರದಿಂದ ಕೇಳು. ಒಪ್ಪಿಗೆ ಸ್ವತಂತ್ರವಾಗಿರಬೇಕು, ಯಾವುದಕ್ಕೆ ಎಂದು ಸ್ಪಷ್ಟವಾಗಿರಬೇಕು, ಹಿಂಪಡೆಯಲು ಬರಬೇಕು ಎಂದು ಅದು ಹೇಳುತ್ತದೆ. ಒಳ್ಳೆಯದೇ. ಆದರೆ ‘ಉದ್ಯೋಗದ ಉದ್ದೇಶಕ್ಕೆ’ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಮಾಲೀಕನಿಗೆ ಏಳನೆಯ ಕಲಮಿನಲ್ಲಿ ದಾರಿ ಬಿಟ್ಟಿದ್ದಾರೆ. 2019ರ ಮಸೂದೆಯಲ್ಲಿ ಆನುವಂಶಿಕ ಮಾಹಿತಿಯನ್ನು ಸೂಕ್ಷ್ಮ ಮಾಹಿತಿ ಎಂದು ಹೆಸರಿಸಿದ್ದರು, ಈ ಕಾಯ್ದೆಯಲ್ಲಿ ಆ ವಿಂಗಡಣೆಯೇ ಇಲ್ಲ. ನನಗಂತೂ ಇದು ತುಂಬ ಬೇಸರ ತಂದಿದೆ.

ಆದ್ದರಿಂದ ಕಾಗದವೇ ನಿನ್ನ ಆಯುಧ. ಬಾಯಿಮಾತಿನಲ್ಲಿ ಬೇಡ ಎನ್ನಬೇಡ, ಕಾರಣವನ್ನಂತೂ ಹೇಳಲೇಬೇಡ. ಅಕ್ಕನ ವಿಷಯ ಒಂದಕ್ಷರವೂ ಬೇಡ. ನಾಲ್ಕು ಸಾಲು ಬರೆ: ‘ಮಾನ್ಯರೇ, ಡಿಎನ್‌ಎ ತಪಾಸಣೆ ಐಚ್ಛಿಕ ಎಂದು ತಿಳಿದಿದ್ದೇನೆ. ನಾನು ಭಾಗವಹಿಸುತ್ತಿಲ್ಲ. ವರದಿಯನ್ನು ಯಾರು ನೋಡುತ್ತಾರೆ, ಮಾದರಿಯನ್ನು ಎಲ್ಲಿ, ಎಷ್ಟು ಕಾಲ ಇಡುತ್ತಾರೆ, ಭಾಗವಹಿಸದವರ ಸೇವೆಯ ಮೇಲೆ ಪರಿಣಾಮವಿದೆಯೇ ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.’ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಮನೆಯಲ್ಲಿಡು. ರಕ್ತದೊತ್ತಡ, ಕಣ್ಣು, ಕಿವಿಯ ತಪಾಸಣೆಗೆ ತಪ್ಪದೆ ಹೋಗು, ಶಿಬಿರಕ್ಕೇ ಬರಲಿಲ್ಲ ಎಂಬ ಮಾತು ಬಾರದಿರಲಿ. ಬಾಕಿ ಇರುವ ಆ ಒಂಬತ್ತು ಜನರನ್ನು ಊಟದ ಹೊತ್ತಿನಲ್ಲಿ ಮಾತನಾಡಿಸು. ಒಬ್ಬಳ ಕಾಗದಕ್ಕಿಂತ ಐದು ಜನರ ಕಾಗದಕ್ಕೆ ತೂಕ ಹೆಚ್ಚು.

ಡೊಂಬಿವಲಿಯ ವಿಮೆಯವ

ಸಾಂತಾಕ್ರೂಜ್‌ನ ಹಿರಿಯರ ಮಾತಿಗೆ ಒಂದು ಸೇರ್ಪಡೆ. ತಂಗೀ, ಕ್ಯಾನ್ಸರ್ ಬಾರದಂತೆ ಮುಂಜಾಗ್ರತೆಗೆ ಮಾಡುವ ಶಸ್ತ್ರಚಿಕಿತ್ಸೆಯ ಖರ್ಚು ಸಿಗುತ್ತದೆಯೇ ಎಂದು ಪಾಲಿಸಿ ಕೊಳ್ಳುವ ಮೊದಲೇ ಇಮೇಲ್‌ನಲ್ಲಿ ಕೇಳು, ಉತ್ತರವನ್ನೂ ಇಮೇಲ್‌ನಲ್ಲಿಯೇ ಪಡೆ. ಮುಂದೆ ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ. ಪುಣೆಯಲ್ಲಿಯೇ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇಂದ್ರಾಯಣಿ ದಂಡೆ

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ.

ಬುಧವಾರ ಆ ನಾಲ್ಕು ಸಾಲಿನ ಪತ್ರವನ್ನು ಕೊಟ್ಟೆ. ಮರಾಠಿಯಲ್ಲಿ ಬರೆದೆ, ಅದಕ್ಕೆ ನಮ್ಮ ವಿಭಾಗದ ಇಬ್ಬರು ಸಹಿ ಹಾಕಿದರು. ಅವರಲ್ಲಿ ನಂದುರಬಾರದ ಒಬ್ಬ ಹುಡುಗನಿದ್ದಾನೆ. ಅವನ ಮನೆಯಲ್ಲಿ ಸಿಕಲ್ ಸೆಲ್ ಎಂಬ, ವಂಶದಲ್ಲಿ ಬರುವ ರಕ್ತದ ಕಾಯಿಲೆ ಇದೆಯಂತೆ. ಆರು ತಿಂಗಳಿಂದ ಅಕ್ಕಪಕ್ಕದ ಯಂತ್ರದಲ್ಲಿ ನಿಂತಿದ್ದೇವೆ, ಅವತ್ತೇ ನನಗೆ ಗೊತ್ತಾದದ್ದು. ಅವನೂ ಹೆದರಿಯೇ ಇದ್ದ. ನಳಿಗೆಯನ್ನು ಮುಚ್ಚಳ ತೆಗೆಯದೆ ಹಿಂದಿರುಗಿಸಿದೆವು. ಎಚ್‌ಆರ್‌ನವರು ‘ಐಚ್ಛಿಕವೇ, ಯಾಕೆ ಇಷ್ಟು ದೊಡ್ಡದು ಮಾಡುತ್ತೀರಿ’ ಎಂದರು. ಅದನ್ನೇ ಬರೆದು ಕೊಡಿ ಎಂದೆ. ಎಂಟನೆಯ ದಿನ ಒಂದು ಸಾಲಿನ ಇಮೇಲ್ ಬಂತು: ತಪಾಸಣೆ ಐಚ್ಛಿಕ, ಸೇವೆಯ ಮೇಲೆ ಪರಿಣಾಮವಿಲ್ಲ. ಮಾದರಿ ಎಲ್ಲಿಡುತ್ತಾರೆ ಎಂಬುದಕ್ಕೆ ಉತ್ತರವಿಲ್ಲ. ಮತ್ತೆ ಕೇಳಿದ್ದೇನೆ. ಬಡ್ತಿಯ ವಿಷಯ ಏಪ್ರಿಲ್‌ಗೆ ತಿಳಿಯುತ್ತದೆ.

ಆರೋಗ್ಯ ವಿಮೆಯ ಫಾರಂ ತುಂಬಿದೆ. ಕುಟುಂಬದ ಕಾಯಿಲೆಯ ಅಂಕಣ ಎರಡು ಬೆರಳಿನಷ್ಟು ಅಗಲವಿತ್ತು. ಏಜೆಂಟ್ ಫೋನಿನಲ್ಲಿ, ಡೊಂಬಿವಲಿಯವರು ಹೇಳಿದ ಹಾಗೆಯೇ, ಖಾಲಿ ಬಿಡಿ ಎಂದರು. ‘ತಾಯಿ: ಅಂಡಾಶಯದ ಕ್ಯಾನ್ಸರ್. ಅಕ್ಕ: ಸ್ತನ ಕ್ಯಾನ್ಸರ್’ ಎಂದು ಬರೆಯುವಾಗ ಕೈ ನಡುಗಿತು. ಅವ್ವನ ಕಾಯಿಲೆಯ ನಿಜವಾದ ಹೆಸರನ್ನು ನಾನು ಕಾಗದದ ಮೇಲೆ ಬರೆದದ್ದು ಅದೇ ಮೊದಲು. ಪ್ರೀಮಿಯಂ ಹೆಚ್ಚಿಸಿದ್ದಾರೆ. ಕಟ್ಟಿದ್ದೇನೆ, ಪಾಲಿಸಿ ಬಂದಿದೆ.

ಬರುವ ಸೋಮವಾರ ರಕ್ತ ಕೊಡಲು ಹೋಗುತ್ತಿದ್ದೇನೆ. ಅಕ್ಕ ತನ್ನ ವರದಿಯ ಮೂಲ ಪ್ರತಿ ಹಿಡಿದುಕೊಂಡು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಾಳೆ. ಕೀಮೋ ಮುಗಿದು ತಲೆಯಲ್ಲಿ ಈಗಷ್ಟೇ ಕೂದಲು ಚಿಗುರಿದೆ, ಬೇಡ ಎಂದರೂ ಕೇಳಲಿಲ್ಲ. ವಾಶಿಯವರು ಹೇಳಿದ ಆ ಸಾಲನ್ನು ಅವಳು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಇಟ್ಟಿದ್ದಾಳೆ. ಪರೀಕ್ಷೆಯ ಫಾರಂನಲ್ಲಿ ಕಚೇರಿಯ ಇಮೇಲ್ ಕೊಟ್ಟಿಲ್ಲ. ವರದಿ ಮನೆಯ ವಿಳಾಸಕ್ಕೆ, ನನ್ನ ಹೆಸರಿಗೆ ಬರುತ್ತದೆ.